ಗುರುವಾರದ ಗುಟ್ಟು

ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಭುವನೇಶ್ವರಿಯ ದನಿ ಕೇಳದವರು ಇರಲಿಕ್ಕಿಲ್ಲ. ಮುಖ ನೋಡಿದವರು ಮಾತ್ರ ಕೆಲವೇ ಜನ. ಪ್ರಚಾರದ ಆಟೋದ ನೆತ್ತಿಗೆ ಕಟ್ಟಿದ ಭೋಂಗಾದಿಂದ ಓಣಿ ಓಣಿಗೆ ಬರುವ ಹೆಣ್ಣುದನಿ ಅವಳದು. ಸೀರೆ ಮೇಳ, ಹೊಸ ದವಾಖಾನೆಯ ಉಚಿತ ತಪಾಸಣೆ, ಪ್ಲಾಟುಗಳ ಮಾರಾಟ, ತಪ್ಪಿಸಿಕೊಂಡ ಎಮ್ಮೆ, ತೀರಿಕೊಂಡ ಹಿರಿಯರ ಅಂತ್ಯಕ್ರಿಯೆಯ ವೇಳೆ, ಎಲ್ಲವನ್ನೂ ಅವಳೇ ಬರೆದು ಅವಳೇ ಓದುತ್ತಿದ್ದಳು. ಸೀರೆ ಮೇಳಕ್ಕೆ ‘ಇಂದೇ ಕಡೆಯ ದಿನ’ ಎಂದು ಒಮ್ಮೆ ಓದಿಕೊಟ್ಟರೆ ಆ ಕಡೆಯ ದಿನ ಯುಗಾದಿಯಿಂದ ಪಂಚಮಿಯವರೆಗೆ ನಡೆಯುತ್ತಿತ್ತು. ಅದನ್ನು ನಂಬಿ ಓಡುವವರನ್ನು ಕಂಡರೆ ಅವಳಿಗೆ ಕನಿಕರ ಬರುತ್ತಿರಲಿಲ್ಲ. ಕೇಳುವವರಿಗೆ ಬುದ್ಧಿಯಿದ್ದಿದ್ದರೆ ತನಗೆ ಕೆಲಸವೆಲ್ಲಿರುತ್ತಿತ್ತು ಎನ್ನುವಳು.

ತಾತ್ಸಾರ ಅವಳಿಗೆ ಹುಟ್ಟಿನಿಂದ ಬಂದದ್ದು. ಸಾಲಿಯಲ್ಲಿ ಮಾಸ್ತರು ಪದ್ಯ ಓದಿದರೆ ಅವರ ಮೂಗಿನ ದನಿಯಲ್ಲೇ ತಿರುಗಿ ಓದಿ ಏಟು ತಿಂದಿದ್ದಳು. ಮದುವೆಯಾದ ಮೇಲೆ ಗಂಡ ನಾಗಲಿಂಗನಿಗೆ ಏಟು ಕೊಡುವ ಧೈರ್ಯವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಬೇವೂರಿನ ಸಾಲಿಯಲ್ಲಿ ಮಾಸ್ತರನಾಗಿದ್ದ ಅವನು ದಿನವಿಡೀ ಅಲ್ಲಿ ಮಾತಾಡಿ ಬಂದು, ಮನೆಯಲ್ಲಿ ಇಬ್ಬರಿಗೂ ಸಾಕಾಗುವಷ್ಟು ಮಾತು ಹೆಂಡತಿಯ ಬಳಿಯೇ ಇದೆಯೆಂದು ತನ್ನ ಪಾಲನ್ನೂ ಆಕೆಗೇ ಬಿಟ್ಟುಕೊಟ್ಟಿದ್ದ.

ಅವಳು ಓದುತ್ತಿದ್ದದ್ದು ಬಾಗಲಕೋಟೆಯ ನವನಗರದಲ್ಲಿ, ಮೊಬೈಲ್ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿದ್ದ ಶ್ರೀಶೈಲನ ಸ್ಟುಡಿಯೋದಲ್ಲಿ. ಗೋಡೆಗೆಲ್ಲ ತತ್ತಿಯ ಟ್ರೇ ಅಂಟಿಸಿದ ಒಂದು ಕೋಣೆ, ಗಾಜಿನಾಚೆ ಒಂದು ಕಂಪ್ಯೂಟರು. ಅವಳ ಪ್ರಕಟಣೆಗಳನ್ನು ಬಿಟ್ಟರೆ ಅಲ್ಲಿ ನಡೆಯುತ್ತಿದ್ದದ್ದು ಪ್ರೇಮಭಂಗದ ಜಾನಪದ. ಸುತ್ತಲಿನ ಹಳ್ಳಿಗಳ ಹುಡುಗರು ಹುಡುಗಿ ಕೈಕೊಟ್ಟಳೆಂಬ ಪದ ಬರೆದುಕೊಂಡು ಬರುವರು, ಶ್ರೀಶೈಲ ಅವರ ದನಿಗೆ ಯಂತ್ರದ ಬಣ್ಣ ಬಳಿದು, ಕೆಳಗೆ ಡೋಲು ಹಾಕಿ ಯೂಟ್ಯೂಬಿಗೆ ಬಿಡುವನು. ತನ್ನ ಸರದಿ ಕಾಯುತ್ತ ಕುಳಿತ ಭುವನೇಶ್ವರಿ ಒಮ್ಮೆ ಹಾಗೊಬ್ಬನ ಹಾಡನ್ನು ಪೂರ್ತಿ ಕೇಳಿ, "ಆ ಹುಡುಗೀಗಿ ದೇವರು ಒಳ್ಳೇದ ಮಾಡ್ಯಾನ ಬಿಡು, ಈ ದನಿ ಕೈಯಾಗಿಂದ ಪಾರಾದ್ಳು," ಎಂದಿದ್ದಳು. ಹುಡುಗ ಗಾಜಿನಾಚೆ ಇದ್ದ. ಮೈಕು ಚಾಲೂ ಇತ್ತು.

ಶ್ರೀಶೈಲ ಕೆಟ್ಟ ಹುಡುಗನಲ್ಲ. ಅವನ ಕಷ್ಟವೆಂದರೆ ಯಾವುದನ್ನೂ ಸಣ್ಣದಾಗಿ ಯೋಚಿಸಲು ಬರುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಅದೇನೋ ಒಂದು ದಿನದ ತರಬೇತಿಗೆ ಹೋಗಿ ಬಂದವನು, ಬಂದ ದಿನವೇ ಕುರ್ಚಿ ಎಳೆದು ಅವಳ ಮುಂದೆ ಕುಳಿತ.

"ಅಕ್ಕಾರ, ವೆಬ್‌ಸೈಟ್ ತೆಗಿಯಾಕತ್ತೇನಿ. ಹಾಡು ಹೆಂಗ ರೆಕಾರ್ಡ ಮಾಡೂದು, ಮಿಕ್ಸಿಂಗ ಹೆಂಗ ಮಾಡೂದು, ಎಲ್ಲಾ ಕನ್ನಡದಾಗ ಕಲಿಸೂದು. ಹೆಸರೂ ಇಟ್ಟೇನಿ. ಸ್ವರಸಾಮ್ರಾಜ್ಯ."

"ತತ್ತಿ ಟ್ರೇ ಸಾಮ್ರಾಜ್ಯ ಅಂತ ಇಡಬೇಕಿತ್ತು."

ಅವನು ಬೇಸರಪಟ್ಟುಕೊಳ್ಳಲಿಲ್ಲ. ಅವಳ ಮಾತಿಗೆಲ್ಲ ಬೇಸರಪಟ್ಟುಕೊಂಡಿದ್ದರೆ ಅವನ ಪ್ರಚಾರದ ಧಂದೆ ಎಂದೋ ಮುಚ್ಚುತ್ತಿತ್ತು. ಗೋಡೆಯ ಮೇಲೊಂದು ಬಿಳಿ ಹಲಗೆ ಹೊಡೆಸಿ, ಅದರ ಮೇಲೆ ವಾರದ ದಿನಗಳ ಹೆಸರು ಬರೆದು, ಒಂದೊಂದರ ಎದುರಿಗೂ ಒಂದೊಂದು ಅಂಕಣ ಹೂಡಿದ್ದ. ಸೋಮವಾರದ ಸೂತ್ರ, ಮಂಗಳವಾರದ ಮೈಕು, ಬುಧವಾರದ ಬೀಟು, ಗುರುವಾರದ ಗುಟ್ಟು, ಶುಕ್ರವಾರದ ಶ್ರುತಿ, ಶನಿವಾರದ ಶಬ್ದ; ರವಿವಾರ ಮಾತ್ರ ಖಾಲಿ. ಅಂಕಣಗಳ ಹೆಸರು ಸಿದ್ಧವಾಗಿದ್ದವು. ಒಳಗೆ ಏನು ಬರೆಯಬೇಕೆಂಬುದೊಂದು ಉಳಿದಿತ್ತು.

"ಬರಿಯೋರ್ಯಾರು?" ಎಂದಳು ಭುವನೇಶ್ವರಿ.

"ನೀವ ಬರೀಬೇಕ್ರಿ. ನಿಮ್ಮಂಗ ಬರಿಯೋರು ಈ ಜಿಲ್ಲಾದಾಗ ಯಾರದಾರ?"

"ನನಗ ಆ ಯಂತ್ರದ ಒಂದು ಗುಂಡಿ ಹೆಸರೂ ಗೊತ್ತಿಲ್ಲ."

"ಗೊತ್ತಿರಬೇಕಾಗಿಲ್ರಿ. ಇಂಗ್ಲಿಷಿನ್ಯಾಗ ರಗಡ ಐತಿ. ಫೋನ್ ಅದನ್ನ ಕನ್ನಡ ಮಾಡಿ ಕೊಡತೈತಿ, ನೀವು ತಿದ್ದಿ ಚಂದ ಮಾಡ್ರಿ ಸಾಕು. ಕಂಟೆಂಟ್ ಅಂದ್ರ ಮಳಿ ಇದ್ದಾಂಗ ಅಕ್ಕಾರ. ಬಿಡದಂಗ ದಿನಾ ಬೀಳಬೇಕು."

"ಬಿಡದಂಗ ದಿನಾ ಬಿದ್ರ ಅದು ಮಳಿ ಅಲ್ಲೋ ತಮ್ಮಾ, ನಳ ಸೋರೂದು."

ಹೀಗೆಂದರೂ ಅವಳು ಒಪ್ಪಿಕೊಂಡಳು. ಬರೆಯುವುದು ಅವಳಿಗೆ ಇಷ್ಟವಿತ್ತು, ಆಟೋದ ಮೇಲಿನ ನಾಲ್ಕು ಸಾಲಿಗಿಂತ ಉದ್ದದ್ದನ್ನು ಬರೆಯಬೇಕೆಂಬ ಆಸೆಯೂ ಒಳಗೆಲ್ಲೋ ಇತ್ತು. ಅದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ. ಆಸೆಯೆಂದು ಬಾಯಿಬಿಟ್ಟು ಹೇಳುವವರನ್ನು ಅವಳೇ ಎಷ್ಟು ಜನರನ್ನು ಆಡಿಕೊಂಡಿದ್ದಳೋ.

ಸ್ವರಸಾಮ್ರಾಜ್ಯ ಶುರುವಾಯಿತು. ಭುವನೇಶ್ವರಿ ಅಡುಗೆ ಮುಗಿಸಿ ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಬಂದ ಹುಳುಕು ಕನ್ನಡವನ್ನು ನೇರ ಮಾಡುವಳು. ಅದು ಯಾವ ಯಂತ್ರ, ಯಾವ ಗುಂಡಿ ಎಂದು ಎದ್ದು ಹೋಗಿ ನೋಡಲಿಲ್ಲ. ತಲೆಬರಹಗಳು ಮಾತ್ರ ಅವಳ ಸ್ವಂತದವು, ಅವುಗಳಲ್ಲಿ ಅವಳು ನಿಸ್ಸೀಮಳು. ‘ನಿಮ್ಮ ದನಿ ಕೋಗಿಲೆಯಾಗಲು ಐದು ಸೂತ್ರ’, ‘ಈ ಒಂದು ತಪ್ಪು ಮಾಡಿದರೆ ನಿಮ್ಮ ಹಾಡು ಹಾಳು’, ‘ಸಂಗೀತ ನಿರ್ದೇಶಕರು ನಿಮ್ಮಿಂದ ಮುಚ್ಚಿಟ್ಟ ಸತ್ಯ’. ಯಾವ ನಿರ್ದೇಶಕರು, ಯಾವ ಸತ್ಯ ಎಂದು ನಾಗಲಿಂಗ ಒಮ್ಮೆ ಮೆಲ್ಲಗೆ ಕೇಳಿದ. "ಓದೋರು ಕೇಳೂದಿಲ್ಲ, ನಿಮಗ್ಯಾಕ," ಎಂದಳು. ಓದುವವರ ಬಗ್ಗೆ ಅವಳ ಅಭಿಪ್ರಾಯ ಸೀರೆ ಮೇಳಕ್ಕೆ ಓಡುವವರ ಬಗ್ಗೆ ಇದ್ದದ್ದೇ. ಇವರೂ ಅವರೇ, ಕೈಯಲ್ಲಿ ಚೀಲದ ಬದಲು ಫೋನು.

ಒಂದು ಗುರುವಾರದ ಗುಟ್ಟಿಗೆ ಸಿಕ್ಕ ವಿಷಯ, ಮುದ್ರಿಸಿದ ಹಾಡಿನಲ್ಲಿ ಸೇರಿಕೊಂಡ ಬೇಡದ ಸದ್ದನ್ನು ತೆಗೆಯುವುದು ಹೇಗೆ ಎಂಬುದು. ಅಂದು ಮನೆಗೆ ನೆಂಟರು ಬರುವವರಿದ್ದರು. ಮೂಲದಲ್ಲಿ ಇದ್ದದ್ದು ಸ್ವಲ್ಪ. ಶ್ರೀಶೈಲನ ಹಲಗೆಗೆ ಬೇಕಾದದ್ದು ಉದ್ದದ ಲೇಖನ. ಭುವನೇಶ್ವರಿ ‘ಗದ್ದಲ ಮಾಯ!’ ಎಂದು ತಲೆಬರಹ ಕೊಟ್ಟಳು. ಸದ್ದು ತೆಗೆಯುವ ಆಪಿನ ಗುಂಡಿಯನ್ನು ‘ಗದ್ದಲ ಒಂದಿಷ್ಟೂ ಕೇಳದಂತಾಗುವವರೆಗೆ ತಿರುಗಿಸಿ’ ಎಂದು ಬರೆದಳು. ಆದರೂ ಕೊನೆಗೆ ಎರಡು ಸಾಲು ಕಡಿಮೆ ಬಿತ್ತು. ಅಕ್ಕಿ ಕುದಿಯುತ್ತಿತ್ತು. ತನ್ನದೇ ತಲೆಯಿಂದ ಅವಳು ಹೀಗೆ ಸೇರಿಸಿದಳು: ‘ಶುದ್ಧವಾದ ಹಾಡನ್ನು ಹಳೆಯದರ ಮೇಲೆಯೇ ಉಳಿಸಿರಿ. ಫೋನಿನಲ್ಲಿ ಜಾಗ ಉಳಿಯುತ್ತದೆ, ಗೊಂದಲವೂ ತಪ್ಪುತ್ತದೆ.’ ಓದಲು ಚೆನ್ನಾಗಿತ್ತು. ಎದ್ದು ಅನ್ನ ಬಸಿಯಲು ಹೋದಳು.

ಕೆಲವು ವಾರ ಕಳೆದ ಮೇಲೆ ಸ್ಟುಡಿಯೋಕ್ಕೊಂದು ಫೋನು ಬಂತು. ಶ್ರೀಶೈಲ ಚಹಾ ತರಲು ಇಳಿದಿದ್ದ, ಭುವನೇಶ್ವರಿ ಎತ್ತಿದಳು. ಆ ಕಡೆಯಿಂದ ಒಂದು ಚಿಕ್ಕ ವಯಸ್ಸಿನ ಹೆಣ್ಣುದನಿ.

"ನಾ ಇಳಕಲ್ಲಿಂದ ಫರಹಾನಾ ಅಂತ ಮಾತಾಡೂದ್ರಿ. ನಿಮ್ಮ ವೆಬ್‌ಸೈಟಿನ್ಯಾಗ ಗದ್ದಲ ತೆಗಿಯೂದು ಬರದೀರಲ್ರಿ, ಹಂಗ ಮಾಡಿದ್ನಿ. ನಮ್ಮ ದಾದಿ, ಅಪ್ಪನ ಅವ್ವ, ಹಾಡಿದ್ದು ಫೋನಿನ್ಯಾಗಿತ್ರಿ, ಹಿಂದ ಮಗ್ಗದ ಸಪ್ಪಳ ಭಾಳ ಇತ್ತು. ಮಗ್ಗ ಹೋತು. ದಾದೀನೂ ಹೋದ್ಳು."

"ಅಯ್ಯ ಶಿವನ, ಯಾವಾಗ ತೀರಿಕೊಂಡ್ರವಾ?"

"ತೀರಿಕೊಂಡಿಲ್ರಿ. ಮನ್ಯಾಗ ಚಂದ ಅದಾಳ. ಫೋನಿನ್ಯಾಗ ಹೋದ್ಳು."

ಹುಡುಗಿ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಮುಂದಿನ ಹೆಜ್ಜೆ ಏನೆಂದು ಕೇಳುತ್ತಿದ್ದಳು. ಗುಟ್ಟು ಹೇಳಿದವರಿಗೆ ಅದನ್ನು ತಿರುಗಿ ಸರಿಮಾಡುವ ಗುಟ್ಟೂ ಗೊತ್ತಿರುತ್ತದೆಂದು ನಂಬಿದ್ದಳು. ಭುವನೇಶ್ವರಿ ಹಾಡು ಕಳಿಸೆಂದು ಹೇಳಿ ಫೋನ್ ಇಟ್ಟಳು.

ಶ್ರೀಶೈಲ ಬಂದ ಮೇಲೆ ಇಬ್ಬರೂ ಕೇಳಿದರು. ಮುದುಕಿಯೊಬ್ಬಳು ಹಂಡೆಯೊಳಗೆ ತಲೆಯಿಟ್ಟು, ಹಂಡೆಯನ್ನು ಕೆರೆಯಲ್ಲಿ ಮುಳುಗಿಸಿ ಹಾಡಿದಂತಿತ್ತು. ಪದವೊಂದೂ ತಿಳಿಯುತ್ತಿರಲಿಲ್ಲ. ಅಲ್ಲಲ್ಲಿ ದನಿ ಪೂರ್ತಿ ಅಡಗಿ, ತಂತಿಯ ಮೇಲೆ ಉಗುರು ಎಳೆದಂಥ ಸದ್ದು ಏಳುತ್ತಿತ್ತು.

"ಇದನ್ನ ಮೊದಲಿನಂಗ ಮಾಡಾಕ ಬರ್ತೈತೇನು?"

"ಬೀಸಿದ ಹಿಟ್ಟು ತಿರುಗಿ ಜ್ವಾಳ ಆಗೂದಿಲ್ರಿ ಅಕ್ಕಾರ. ಹಳೇದು ಇದ್ದಿದ್ರ ಮಾತ ಬ್ಯಾರೆ. ಅದರ ಮ್ಯಾಲ ಉಳಿಸು ಅಂತ ಯಾವ ಮೂಳ ಹೇಳಿದ್ನೋ ಅಕಿಗೆ."

ಸಾಮ್ರಾಜ್ಯದ ಒಡೆಯ ತನ್ನ ಸಾಮ್ರಾಜ್ಯದ ಬರಹಗಳನ್ನು ಓದುತ್ತಿರಲಿಲ್ಲವೆಂದು ಭುವನೇಶ್ವರಿಗೆ ಅಂದು ಗೊತ್ತಾಯಿತು. ಅವಳೇ ಫೋನ್ ತೆರೆದು ಆ ಸಾಲನ್ನು ಅವನ ಮುಂದೆ ಹಿಡಿದಳು. ಅವನು ಓದಿದ, ತಲೆ ಕೆರೆದ. ಆಮೇಲೆ ಅವನಿಗೆ ಹೊಳೆದದ್ದು ಇಷ್ಟು:

"ಅಕಿ ಆ ಲೇಖನದ ಕೆಳಗ ಏನರ ಬರದಾಳೇನು ನೋಡ್ರಿ. ಬರದಿದ್ರ ಅದನ್ನ ತಗದ ಬಿಡೂಣು. ಪುಕ್ಕಟ ಓದ್ಯಾಳ, ಕೇಸ ಹಾಕಾಕ ಬರೂದಿಲ್ಲ."

ಈ ಮಾತನ್ನು ಬೇರೆ ಯಾರ ಬಗ್ಗೆ ಆಡಿದ್ದರೂ ಭುವನೇಶ್ವರಿ ನಗುತ್ತಿದ್ದಳೇನೋ. ಆ ಹೊತ್ತು ಮಾತ್ರ ಅವಳಿಗೆ ಅವನ ಮುಖದಲ್ಲಿ ಕಂಡದ್ದು ಅವಳದೇ ಮುಖ. ಅದು ನೋಡುವಂತಿರಲಿಲ್ಲ. ಸ್ಟುಡಿಯೋದಲ್ಲಿದ್ದ, ಕೈಯಲ್ಲಿ ಹಿಡಿಯುವ ರೆಕಾರ್ಡರನ್ನು ಕಪಾಟಿನಿಂದ ತೆಗೆದು, ಅದು ಚಾಲೂ ಆಗುವುದು ಹೇಗೆಂದು ಮೊದಲ ಬಾರಿಗೆ ಅವನಿಂದ ಕೇಳಿ ತಿಳಿದುಕೊಂಡು, ಚೀಲಕ್ಕೆ ಹಾಕಿಕೊಂಡಳು.

ಮರುದಿನ ಇಳಕಲ್ ಬಸ್ಸು ಹತ್ತಿದಳು. ದಾರಿಯಲ್ಲಿ ಅಮೀನಗಡದಲ್ಲಿ ಬಸ್ಸು ನಿಂತಾಗ, ತಪ್ಪು ಮಾಡಿದ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಕರದಂಟಿನ ಒಂದು ಡಬ್ಬಿ ಕೊಂಡಳು. ಹುನಗುಂದ ದಾಟುವವರೆಗೂ ಏನು ಹೇಳಬೇಕೆಂದು ಮನಸ್ಸಿನಲ್ಲಿ ಬರೆದುಕೊಂಡಳು, ತಿದ್ದಿದಳು. ಎಲ್ಲ ಸಾಲುಗಳೂ ಭೋಂಗಾದ ಸಾಲುಗಳಂತೆಯೇ ಬರುತ್ತಿದ್ದವು. ‘ವಿಷಾದಿಸುತ್ತೇವೆ’ ಎಂಬಲ್ಲಿಗೆ ಬಂದಾಗ ತನಗೇ ಹೇಸಿ ಬಿಟ್ಟುಬಿಟ್ಟಳು.

ಫರಹಾನಾ ಬಸ್‌ಸ್ಟ್ಯಾಂಡಿಗೇ ಬಂದಿದ್ದಳು. ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ಕೆಲಸ ಅವಳದು. ಬೆರಳ ತುದಿಗಳಿಗೆ ರೇಷ್ಮೆಯ ಕೆಂಪು ಹತ್ತಿತ್ತು. ದಾರಿಯಲ್ಲಿ ತಾನೇ ಎಲ್ಲ ಹೇಳಿದಳು. ದಾದಿ ಕಾಸಿಂಬಿ ಒಂದು ಕಾಲಕ್ಕೆ ಬೀಗರ ಹಾಡಿಗೆ ಹೆಸರಾದವಳು. ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ, ಅವರು ಯಾವ ಜಾತಿಯವರಾದರೂ, ಬೀಗರನ್ನು ಹಾಡಿನಲ್ಲಿ ಬೈಯಲು ಕಾಸಿಂಬಿಯೇ ಬೇಕು. ಎರಡು ವರ್ಷದ ಹಿಂದೆ ಹೆಣ್ಣು ನೋಡಲು ಬಂದ ನೆಂಟರನ್ನು ಮನೆಯ ಪಡಸಾಲೆಯಲ್ಲಿ ಕೂರಿಸಿ ಹಾಡಿದ್ದೇ ಕೊನೆ. ಅದನ್ನೇ ಫರಹಾನಾ ಫೋನಿಗೆ ಹಿಡಿದಿದ್ದಳು. ಈಗ ಕಾಕಾನ ಮಗಳು ಅನೀಸಳ ಮದುವೆ ಗೊತ್ತಾಗಿದೆ, ಅಲ್ಲಿ ಅದನ್ನು ಹಚ್ಚಬೇಕೆಂದು ಸ್ವಚ್ಛ ಮಾಡಲು ಹೋಗಿ ಹೀಗಾಯಿತು.

"ಮತ್ತೊಮ್ಮೆ ಹಾಡ್ರಿ ಅಂದ್ರ ಹಾಡೂದಿಲ್ಲೇನು?"

"ಭಾಳ ಕೇಳಿದ್ನಿರಿ. ನಾ ಏನು ಗ್ರಾಮಾಫೋನ ಅದೀನೇನ ಅಂತಾಳ."

ಮನೆಯ ಮುಂದಿನ ಕೋಣೆಯಲ್ಲಿ ಫರಹಾನಾಳ ಅಪ್ಪ ಯುನೂಸ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೆರಗು ನೇಯುತ್ತಿದ್ದ. ಬಂದವಳನ್ನು ನೋಡಿ ತಲೆಯಾಡಿಸಿ, ಕೈ ನಿಲ್ಲಿಸಲಿಲ್ಲ. ಒಳಗೆ ಗೋಡೆಗೆ ಒರಗಿ ಕುಳಿತಿದ್ದ ಕಾಸಿಂಬಿ ಬಾಯಿಗೆ ಎಲೆಯಡಿಕೆಯ ಕುಟ್ಟಿದ ಪುಡಿ ಹಾಕಿಕೊಳ್ಳುತ್ತಿದ್ದಳು. ಭುವನೇಶ್ವರಿ ಕಾಲಿಗೆ ನಮಸ್ಕರಿಸಿ ಡಬ್ಬಿಯನ್ನು ಮುಂದಿಟ್ಟಳು. ಮುದುಕಿ ಮುಚ್ಚಳ ತೆಗೆದು ನೋಡಿದಳು, ಮೂಸಿದಳು, ಮುಚ್ಚಿದಳು.

"ಬಾಯಾಗ ಒಂದ ಹಲ್ಲಿಲ್ಲ. ಇದನ್ನೇನು ಕಲ್ಲಿಲೆ ಜಜ್ಜಿ ತಿನ್ನಲ್ಯಾ?"

"ತಪ್ಪಾತ್ರಿ ಅಮ್ಮಾರ, ನನಗ ಗೊತ್ತಿರಲಿಲ್ಲ."

ಈ ದನಿ ಕಿವಿಗೆ ಬಿದ್ದದ್ದೇ ಕಾಸಿಂಬಿ ತಲೆ ವಾಲಿಸಿದಳು. "ಇನ್ನೊಮ್ಮೆ ಮಾತಾಡು," ಎಂದಳು. ಭುವನೇಶ್ವರಿ ಏನೋ ಹೇಳಿದಳು. ಮುದುಕಿ ತೊಡೆ ತಟ್ಟಿಕೊಂಡಳು.

"ಫರಹಾನಾ, ಇಕಿ ಯಾರಂತ ಮಾಡೀದಿ? ಆಟೋದಾಕಿ. ಕಡೀ ದಿನದಾಕಿ. ಅನೀಸಾನ ಮದವೀಗಿ ಭಾಂಡೆ ಸಾಮಾನ ತರಾಕ ನಾ ಬಿಸಲಾಗ ಓಡಿದ್ನಲ್ಲ, ಇವತ್ತ ಕಡಿಗಿ, ಇವತ್ತ ಕಡಿಗಿ ಅಂತ ಒದರಿದ್ಳಂತ. ತಂದ ಎಂಟು ದಿನಕ್ಕ ಮತ್ತ ಬಂದು ಅದನ್ನ ಒದರ್ಯಾಳ."

"ಅದು ಅಂಗಡಿಯವ್ರು ಹೇಳಿದ್ದನ್ನ ನಾ ಓದೂದು ಅಷ್ಟರಿ."

"ಬಾಯಿ ಯಾರದು?"

ಭುವನೇಶ್ವರಿ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಬಂದ ಕಾರಣವನ್ನಾದರೂ ಹೇಳಿ ಮುಗಿಸೋಣವೆಂದು, ಹಾಡು ಕೆಟ್ಟದ್ದು ಹುಡುಗಿಯ ತಪ್ಪಲ್ಲ, ತಾನು ಬರೆದದ್ದರ ತಪ್ಪು, ತನಗೆ ತಿಳಿಯದ್ದನ್ನು ಬರೆದೆ ಎಂದಳು. ದೊಡ್ಡವರ ಮುಂದೆ ಇಷ್ಟು ಚಿಕ್ಕ ವಾಕ್ಯಗಳಲ್ಲಿ ಅವಳು ಯಾವತ್ತೂ ಮಾತಾಡಿರಲಿಲ್ಲ. ಮತ್ತೊಮ್ಮೆ ಹಾಡಿದರೆ ಚೆನ್ನಾಗಿ ಹಿಡಿದುಕೊಡುತ್ತೇನೆ, ಒಳ್ಳೆಯ ಯಂತ್ರ ತಂದಿದ್ದೇನೆ ಎಂದಳು.

"ಯಾರನ್ನ ನೋಡಿ ಹಾಡ್ಲಿ? ಗ್ವಾಡೀ ನೋಡೇನು?" ಎಂದಳು ಕಾಸಿಂಬಿ. "ಬೀಗರ ಹಾಡಂದ್ರ ಎದುರಿಗೆ ಬೀಗತಿ ಕುಂತಿರಬೇಕು, ಅಕಿ ಮಾರಿ ಕೆಂಪಾಗೂದು ಕಾಣಬೇಕು, ಆವಾಗ ನಾಲಿಗಿ ಹೊಳ್ಳತೈತಿ. ಮದವ್ಯಾಗ ಫೋನ ಹಚ್ಚಿ ಬೀಗರನ್ನ ಬೈತಾರಂತ. ಬೀಗರೇನು, ತಿರುಗಿ ಫೋನಿಗೆ ಬೈಬೇಕೇನು?"

ಮುಂದಿನ ಕೋಣೆಯಲ್ಲಿ ಮಗ್ಗ ನಡೆಯುತ್ತಿತ್ತು. ಭುವನೇಶ್ವರಿ ಗೋಡೆಯ ಬದಿಯಿಂದ ಸರಿದು ಬಂದು ಮುದುಕಿಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಸೆರಗು ಸರಿಮಾಡಿಕೊಂಡು ಗದ್ದ ಎತ್ತಿದಳು. ನೆಂಟರ ಮದುವೆಗಳಲ್ಲಿ ಬೀಗತಿಯರು ಹೇಗೆ ಕೂರುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ಕೂತವರನ್ನು ವರ್ಷಗಟ್ಟಲೆ ಹಂಗಿಸಿದವಳು ಅವಳು.

"ಹಾಡ್ರಿ, ನಾ ಬಾಗಲಕೋಟಿ ಬೀಗತಿ," ಎಂದಳು.

ಕಾಸಿಂಬಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಇಷ್ಟು ಒಳ್ಳೆಯ ಗಿರಾಕಿ ಬಹಳ ದಿನದಿಂದ ಸಿಕ್ಕಿರಲಿಲ್ಲವೆಂಬುದು ಆ ನೋಟದಲ್ಲಿತ್ತು. ಹೊರಗೆ ಯುನೂಸ, ತಾಯಿ ಹಾಡುತ್ತಾಳೆಂದು ತಿಳಿದು ಮಗ್ಗ ನಿಲ್ಲಿಸಿದ. ಕೂಡಲೇ ಮುದುಕಿ ಒಳಗಿನಿಂದ ಗದರಿದಳು: "ಯಾಕ ನಿಲ್ಲಿಸಿದಿ? ನೀ ನಿಂತ್ರ ನನಗ ತಾಳ ಯಾರು ಹಾಕ್ತಾರ?"

ಮಗ್ಗ ಮತ್ತೆ ಶುರುವಾಯಿತು. ಅದರ ಏಟು ಬಿದ್ದ ಜಾಗಕ್ಕೆ ಸರಿಯಾಗಿ ಕಾಸಿಂಬಿ ದನಿ ತೆಗೆದಳು.

ಬಾಗಲಕೋಟಿ ಬೀಗತಿ ಬಸ್ಸಿನ್ಯಾಗ ಬಂದಾಳ
ಬಾಯಿ ಮೊದಲಿಗಿ ಇಳಿದೈತಿ, ಹಿಂದಿಂದ
ಬಾಕಿ ಬೀಗತಿ ಇಳಿದಾಳ.

ಹಲ್ಲಿಲ್ಲದ ಮುದುಕೀಗಿ ಕರದಂಟು ತಂದಾಳ
ಕುರುಡಗ ಕನ್ನಡಿ ಕೊಡುವಾಕಿ, ಈ ಬೀಗತಿ
ಬಕ್ಕತಲಿಗೆ ಬಾಚಣಿಕಿ ಮಾರ್ಯಾಳ.

ಕಡಿದಿನ ಕಡಿದಿನ ಅಂತ ಒದರ್ಯಾಳ ಓಣ್ಯಾಗ
ಸಾವಿನ ಸುದ್ದಿ ಓದುವಾಗ, ಈ ಬೀಗತಿ
ರಿಯಾಯ್ತಿ ಐತಿ ಅಂದಾಳ.

ದನಿ ಹಳೆಯದಾಗಿತ್ತು, ಹಲ್ಲಿಲ್ಲದ ಬಾಯಲ್ಲಿ ಕೆಲವು ಅಕ್ಷರ ಜಾರುತ್ತಿದ್ದವು, ಆದರೆ ಒಂದು ಏಟೂ ತಪ್ಪಲಿಲ್ಲ. ಪಕ್ಕದ ಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಭುವನೇಶ್ವರಿಯ ಗಂಡನಿಗೊಂದು ಪದ, ಅತ್ತೆಗೊಂದು ಪದ, ಅವಳ ಮೂಗಿಗೇ ಒಂದು ಪದ. ಅವಳ ಮುಖ ಮೊದಲು ಬಿಗಿಯಿತು. ಸಾವಿನ ಸುದ್ದಿಯ ಪದಕ್ಕೆ ನಿಜವಾಗಿಯೂ ಕೆಂಪಾಯಿತು. ಅಂಥ ಸುದ್ದಿಯನ್ನೂ ಸೀರೆ ಮೇಳದ ರಾಗದಲ್ಲೇ ಓದುತ್ತೇನೆಂದು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಮೂಗಿನ ಪದ ಬಂದಾಗ ತಡೆಯಲಾಗದೆ ನಕ್ಕಳು. ಇಷ್ಟು ಚೆನ್ನಾಗಿ ಅವಳನ್ನು ಯಾರೂ ಹಂಗಿಸಿರಲಿಲ್ಲ. ಅವಳು ಬೇರೆಯವರನ್ನು ಹಂಗಿಸಿದ್ದೆಲ್ಲ ಇದರ ಮುಂದೆ ಅಂಗನವಾಡಿ.

ಹಾಡು ಮುಗಿದ ಮೇಲೆ ನೋಡಿದರೆ ಅವಳ ಚೀಲದೊಳಗಿನ ಒಳ್ಳೆಯ ಯಂತ್ರ ಚೀಲದೊಳಗೇ ಇತ್ತು. ಚಾಲೂ ಮಾಡುವುದನ್ನು ಮರೆತಿದ್ದಳು. ಫರಹಾನಾ ಮಾತ್ರ ತನ್ನ ಫೋನನ್ನು ಹಾಸಿಗೆಯ ಮಡಿಕೆಯ ಮೇಲೆ ಆನಿಸಿ ಮೊದಲಿನಿಂದ ಹಿಡಿದಿದ್ದಳು. ಹೆಂಗಸರೆಲ್ಲ ಸುತ್ತ ಕುಳಿತು ಕೇಳಿದರು. ಮಗ್ಗದ ಸಪ್ಪಳ ಜೋರಾಗಿತ್ತು. ತೆಗೆಯಬೇಕೆಂದು ಯಾರಿಗೂ ಅನಿಸಲಿಲ್ಲ.

"ಇದು ಆ ಹಾಡಲ್ರಿ," ಎಂದಳು ಫರಹಾನಾ, ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಾಗ. "ಅವು ಬ್ಯಾರೆ ಪದ. ಅವು ಹೋದ್ವು."

"ಹೌದು," ಎಂದಳು ಭುವನೇಶ್ವರಿ.

ಬಾಗಲಕೋಟೆಗೆ ಮರಳಿದ ಮೇಲೆ ಈ ಕಥೆ ಕೇಳಿದ ಶ್ರೀಶೈಲನ ಕಣ್ಣು ಹಿಗ್ಗಿದವು. ಹಲಗೆಯ ಮೇಲೆ ರವಿವಾರ ಖಾಲಿಯಿತ್ತು. ಅಲ್ಲೇ ‘ರವಿವಾರದ ರಂಜನೆ: ಬೈಗುಳದ ಅಜ್ಜಿ’ ಎಂದು ಬರೆದು, ಆ ಹಾಡನ್ನು ತರಿಸಿಕೊಡಿ, ಕೆಳಗೆ ಬೀಟು ಹಾಕಿ ಬಿಡೋಣ ಎಂದ.

"ಅದು ಅವರ ಮನೀ ಹಾಡು. ನಾ ಕೇಳೂದಿಲ್ಲ," ಎಂದು ಭುವನೇಶ್ವರಿ ಅದನ್ನು ಅಂಗೈಯಿಂದ ಒರೆಸಿದಳು. "ಈ ಗುರುವಾರಕ್ಕ ನಾ ಬರದ ತಂದೇನಿ. ಇದನ್ನ ಹಾಕು."

ಅವನು ಓದಿದ. ಅದರಲ್ಲಿ ಹೀಗಿತ್ತು: ‘ಗದ್ದಲ ಮಾಯ ಎಂಬ ಬರಹವನ್ನು ಬರೆದಾಕೆಗೆ ಆ ಕೆಲಸ ಬರುತ್ತಿರಲಿಲ್ಲ. ಆಕೆ ಹೇಳಿದಂತೆ ಮಾಡಿದ ಒಬ್ಬರ ಮನೆಯ ಹಾಡು ಶಾಶ್ವತವಾಗಿ ಹಾಳಾಗಿದೆ. ಮೂಲವನ್ನು ಎಂದೂ ಅಳಿಸಬೇಡಿ, ಅದರ ಪ್ರತಿ ಮಾಡಿಕೊಂಡು ಪ್ರತಿಯ ಮೇಲೆ ಕೆಲಸ ಮಾಡಿ. ಗುಂಡಿಯನ್ನು ಸ್ವಲ್ಪ ತಿರುಗಿಸಿ, ಕೇಳಿ, ನಿಲ್ಲಿಸಿ. ಯಾವುದು ಗದ್ದಲ, ಯಾವುದು ತಾಳ ಎಂದು ಮೊದಲು ಹಾಡಿದವರನ್ನು ಕೇಳಿ.’ ಕೆಳಗೆ ಅವಳ ಹೆಸರಿತ್ತು. ಇಷ್ಟು ದಿನ ಯಾವ ಬರಹದ ಕೆಳಗೂ ಇರಲಿಲ್ಲ.

"ಅಕ್ಕಾರ, ನಮ್ಮ ಅಂಗಡ್ಯಾಗ ಕಲಬೆರಕಿ ಐತಿ ಅಂತ ನಾವ ಬೋರ್ಡ ಹಾಕೂದೇನ್ರಿ?"

"ಐತಿ ಅಂದಮ್ಯಾಲ ಹಾಕೂದ."

"ಪ್ಲಾನಿನ್ಯಾಗ ಇದಿಲ್ರಿ."

"ನಿನ್ನ ಪ್ಲಾನಿನ್ಯಾಗ ವಾರಗೋಳ ಹೆಸರು ಬಿಟ್ಟು ಏನೈತಿ? ಸೋಮವಾರ ಆದಮ್ಯಾಲ ಮಂಗಳವಾರ ಬರತೈತಿ ಅನ್ನೂದಕ್ಕ ಹುಬ್ಬಳ್ಳಿಗೆ ಹೋಗಿ ಕಲಿಯೂದು ಬ್ಯಾಡಾಗಿತ್ತು. ಹಾಕ್ತೀಯೋ, ಇಲ್ಲಾ ಮೇಳದ ಆಟೋಕ್ಕ ಬ್ಯಾರೆ ಬಾಯಿ ಹುಡಕ್ತೀಯೋ?"

ಮೇಳದ ಕಾಲ ಅದು. ಅವನು ಹಾಕಿದ, ಆದರೆ ಪುಟದ ತಳದಲ್ಲಿ, ಮೈಕಿನ ಜಾಹೀರಾತಿನ ಕೆಳಗೆ. ಹೆಚ್ಚು ಜನ ಓದಲಿಲ್ಲ. ಬಾದಾಮಿಯಿಂದ ಒಬ್ಬರು, ತಮ್ಮ ತಂದೆಯ ಭಜನೆಯನ್ನೂ ಇದೇ ರೀತಿ ಕೆಡಿಸಿಕೊಂಡೆವೆಂದು ಬರೆದರು. ಇನ್ನೊಬ್ಬ, ತಿಳಿಯದಿದ್ದರೆ ಮನೆಯಲ್ಲಿ ರೊಟ್ಟಿ ಬಡಿಯಿರಿ ಎಂದು ಬರೆದ. ಭುವನೇಶ್ವರಿ ಎರಡನ್ನೂ ಉಳಿಸಿದಳು. ಎರಡನೆಯವನಿಗೆ ತನ್ನ ರೊಟ್ಟಿಯೂ ಅಷ್ಟಕ್ಕಷ್ಟೇ ಎಂದು ಉತ್ತರ ಕೊಟ್ಟಳು.

ಆಮೇಲೆ ಅವರಿಬ್ಬರ ನಡುವೆ ಒಂದು ಪಾಲು ಆಯಿತು. ವಾರದ ಉಳಿದ ದಿನಗಳಿಗೆ ಶ್ರೀಶೈಲ ಬೇರೆ ಯಾರನ್ನೋ ಹಿಡಿದ. ಅಲ್ಲಿ ಕೋಗಿಲೆಯ ಸೂತ್ರಗಳು ಈಗಲೂ ಸೋರುತ್ತಿವೆ, ಅವುಗಳ ಬಗ್ಗೆ ಭುವನೇಶ್ವರಿ ಏನನ್ನುತ್ತಾಳೆಂಬುದು ಅಚ್ಚು ಹಾಕುವಂಥದ್ದಲ್ಲ. ಗುರುವಾರ ಮಾತ್ರ ಅವಳದು, ಅದೂ ಎಲ್ಲ ಗುರುವಾರವಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ, ಅದನ್ನು ತನ್ನ ಕೈಯಿಂದ ಮಾಡಿ ನೋಡಿದ ಮೇಲೆ ಬರೆಯುವಳು. ಇದಕ್ಕಾಗಿ ಗಾಜಿನಾಚೆಯ ಕುರ್ಚಿಯಲ್ಲಿ ಕುಳಿತು ಗುಂಡಿಗಳನ್ನು ಒಂದೊಂದಾಗಿ ಕಲಿತಳು. ಶ್ರೀಶೈಲ ಕಲಿಸುವಾಗ ಅವನ ತಾಳ್ಮೆಗೆ ಅವಳು ಬೆರಗಾದಳು, ಹೇಳಲಿಲ್ಲ. ಹೀಗಾಗಿ ಒಂದೊಂದು ಬರಹಕ್ಕೆ ತಿಂಗಳು ಹಿಡಿಯತೊಡಗಿತು. ಬಿಳಿ ಹಲಗೆಯ ಮೇಲೆ ಗುರುವಾರದ ಎದುರಿಗೆ ಶ್ರೀಶೈಲ ಬೇಸತ್ತು ‘ಅಕ್ಕಾರಿಗೆ ತಿಳಿದಂಗ’ ಎಂದು ಬರೆದಿಟ್ಟ.

ಅನೀಸಳ ಮದುವೆಗೆ ಅವಳಿಗೂ ಕರೆ ಬಂದಿತ್ತು, ಹೋಗಿ ಉಂಡು ಬಂದಳು. ನಾಲಿಗೆ ಮೆತ್ತಗಾಯಿತೇ ಎಂದು ನಾಗಲಿಂಗನನ್ನು ಕೇಳಿದರೆ ಇಲ್ಲವೆನ್ನುತ್ತಾನೆ. ಆದರೆ ಸಾವಿನ ಸುದ್ದಿ ಓದುವ ದಿನ ಅವಳು ಸ್ಟುಡಿಯೋದಲ್ಲಿ ಎರಡು ಮೂರು ಸಲ ಓದಿ, ಕೇಳಿ, ಮತ್ತೆ ಓದುತ್ತಾಳೆಂದು ಶ್ರೀಶೈಲ ಅವನಿಗೆ ದೂರು ಹೇಳಿದ್ದುಂಟು.

ಇತ್ತೀಚೆಗೆ ಹುನಗುಂದದ ಕಡೆಯ ಮರೋಳದಿಂದ ಒಂದು ಪ್ರಶ್ನೆ ಬಂದಿದೆ. ನೀರೆತ್ತುವ ಯಂತ್ರಗಳ ಹತ್ತಿರದ ಗುಡಿಯಲ್ಲಿ ನಮ್ಮ ಭಜನೆ ನಡೆಯುತ್ತದೆ, ಮೋಟಾರುಗಳ ಗುಂಯ್‌ಗುಡುವಿಕೆ ಬರದಂತೆ ಮೈಕನ್ನು ಎಲ್ಲಿಡಬೇಕು ಎಂದು ಪಾಂಡಪ್ಪ ಎಂಬುವರು ಕೇಳಿದ್ದಾರೆ. ಭುವನೇಶ್ವರಿ ಮೊದಲು ಶ್ರೀಶೈಲನನ್ನು ಕೇಳಿದಳು, ಅವನಿಗೆ ತಿಳಿದಿರಲಿಲ್ಲ. ಅವಳು ಉತ್ತರ ಬರೆದಳು: ‘ಗೊತ್ತಿಲ್ಲ. ಬಂದು ನೋಡಿ ಹೇಳುತ್ತೇನೆ.’ ಅದನ್ನು ಓದಿದ ಶ್ರೀಶೈಲ, ಸಾಮ್ರಾಜ್ಯದ ಮರ್ಯಾದೆ ಇಷ್ಟಕ್ಕೆ ಬಂತೇ ಎಂದು ಗೊಣಗಿದ. ಅವಳು ಅವನ ಕಡೆ ತಿರುಗಿಯೂ ನೋಡದೆ ರೆಕಾರ್ಡರಿಗೆ ಹೊಸ ಸೆಲ್ಲು ಹಾಕಿದಳು, ಗುಂಡಿ ಒತ್ತಿ ಕೆಂಪು ದೀಪ ಹತ್ತಿತೆಂದು ನೋಡಿಕೊಂಡಳು, ಹುನಗುಂದಕ್ಕೆ ಹೋಗುವ ಬಸ್ಸಿನ ವೇಳೆ ಕೇಳಲು ಕೆಳಗಿಳಿದಳು.